ಹಳೆ ದೆಹಲಿಯಲ್ಲಿ ಗೈಡ್ ಜೊತೆ ತಿಂಡಿ ನಡಿಗೆ: ಬುಕಿಂಗ್‌ನಿಂದ ಕೊನೆಯ ದೊನ್ನೆವರೆಗೆ

ದೆಹಲಿ, ಆಗ್ರಾ, ಹರಿದ್ವಾರ ಅಂತ ಪ್ರವಾಸ ಹೊರಡುವ ನಮ್ಮವರಲ್ಲಿ ಹೆಚ್ಚಿನವರು ಹಳೆ ದೆಹಲಿಗೆ ಕಾಲಿಡುವುದು ಮಟಮಟ ಮಧ್ಯಾಹ್ನ. ಬೆಳಗ್ಗೆ ಕುತುಬ್ ಮಿನಾರ್, ಇಂಡಿಯಾ ಗೇಟ್ ಮುಗಿಸಿ, ಕೆಂಪು ಕೋಟೆ ನೋಡಿ, ಎರಡು ಗಂಟೆಗೆ ಚಾಂದನಿ ಚೌಕಕ್ಕೆ ಬರುವಷ್ಟರಲ್ಲಿ ಬೇಡ್ಮಿ ಪೂರಿಯ ಭರಾಟೆ ಮುಗಿದಿರುತ್ತದೆ, ದೌಲತ್ ಕಿ ಚಾಟ್ (ಚಳಿಗಾಲದ ಹಾಲುನೊರೆಯ ಸಿಹಿ) ಮಾರುವವನ ಹರಿವಾಣ ಬರಿದಾಗಿರುತ್ತದೆ, ಜಾಮಾ ಮಸೀದಿ ಕಡೆಯ ಕಬಾಬಿನ ಕೆಂಡ ಇನ್ನೂ ಕಾವೇರಿರುವುದಿಲ್ಲ. ಸಿಗುವುದು ನೂಕುನುಗ್ಗಲು ಮತ್ತು ಆರಿದ ಸಮೋಸ. ಊರಿಗೆ ಬಂದು "ಹೆಸರು ಕೇಳಿದಷ್ಟು ಏನಿಲ್ಲ ಬಿಡಿ" ಅನ್ನುತ್ತಾರೆ.

ತಪ್ಪು ತಿಂಡಿಯದ್ದಲ್ಲ, ಹೊತ್ತಿನದ್ದು. ಹಳೆ ದೆಹಲಿಯಲ್ಲಿ ಒಂದೊಂದು ತಿಂಡಿಗೂ ಅದರದ್ದೇ ಸಮಯವಿದೆ, ಕೆಲವಕ್ಕೆ ಅದರದ್ದೇ ತಿಂಗಳೂ ಇದೆ. ಅಂಗಡಿಗಳ ಹೆಸರು ಯಾರ ಫೋನಿನಲ್ಲಾದರೂ ಸಿಗುತ್ತದೆ. ಯಾವ ಬಾಣಲೆಯಿಂದ ಯಾವಾಗ ಬಿಸಿ ಇಳಿಯುತ್ತದೆ, ಅಲ್ಲಿಂದ ಮುಂದಿನ ಬಾಣಲೆಗೆ ಯಾವ ಗಲ್ಲಿ ಹಿಡಿದರೆ ಹತ್ತು ನಿಮಿಷದಲ್ಲಿ ತಲುಪಬಹುದು ಅನ್ನುವುದು ದಿನಾ ಅಲ್ಲಿ ನಡೆಯುವವರಿಗೆ ಮಾತ್ರ ಗೊತ್ತು. ಗೈಡ್‌ಗೆ ಕೊಡುವ ದುಡ್ಡು ಆ ತಿಳಿವಳಿಕೆಗೆ. ಈ ಬರಹದಲ್ಲಿರುವುದು ಅಂಥ ನಡಿಗೆಯನ್ನು ಆರಿಸಿಕೊಳ್ಳುವುದು, ಅದಕ್ಕೆ ಹೊಟ್ಟೆ ಮತ್ತು ಚೀಲ ಎರಡನ್ನೂ ಸಿದ್ಧಮಾಡುವುದು, ಎಲ್ಲಿ ಎಷ್ಟು ತಿನ್ನುವುದು, ಎಡವುವುದು ಎಲ್ಲಿ ಅನ್ನುವ ವಿವರ.

ಮೊದಲು ಹೊತ್ತು, ಆಮೇಲೆ ಬುಕಿಂಗ್

ಸಸ್ಯಾಹಾರಿಗಳಿಗೆ ಬೆಳಗಿನ ನಡಿಗೆಯೇ ಸರಿ. ಎಂಟೂವರೆಗೆ ಶುರುವಾಗಿ ಹನ್ನೆರಡೂವರೆಗೆ ಮುಗಿಯುವಂಥದ್ದನ್ನು ಹುಡುಕಿ. ಬೇಡ್ಮಿ ಪೂರಿ, ನಾಗೋರಿ ಹಲ್ವಾ, ಕಚೋರಿ, ಪರಾಠಾ, ಜಿಲೇಬಿ, ದಹಿ ಭಲ್ಲಾ ಎಲ್ಲವೂ ಈ ನಾಲ್ಕು ಗಂಟೆಯೊಳಗೆ ಒಂದರ ಹಿಂದೊಂದು ಬಿಸಿಯಾಗಿ, ತಾಜಾ ಆಗಿ ಸಿಗುತ್ತವೆ. ಮಾಂಸಾಹಾರಿಗಳಿಗೆ ಸಂಜೆ ಆರರ ಮೇಲಿನ ನಡಿಗೆ, ಜಾಮಾ ಮಸೀದಿಯ ಒಂದನೇ ಗೇಟಿನ ಎದುರಿನ ಮಟಿಯಾ ಮಹಲ್ ಬಜಾರ್ ಕಡೆಗೆ. ಎರಡನ್ನೂ ಒಂದೇ ದಿನಕ್ಕೆ ತುರುಕುವ "ಫುಲ್ ಡೇ ಫುಡ್ ಟೂರ್" ಬೇಡ. ಮಧ್ಯಾಹ್ನ ಒಂದರಿಂದ ಐದರವರೆಗೆ ಆ ಗಲ್ಲಿಗಳಲ್ಲಿ ಬಿಸಿಲು, ಜನ, ಕೈಗಾಡಿ ಬಿಟ್ಟರೆ ಹೊಸದಾಗಿ ತಿನ್ನುವುದಕ್ಕೆ ಹೆಚ್ಚೇನೂ ಇರುವುದಿಲ್ಲ.

ತಿಂಗಳು ನೋಡಿದರೆ ಅಕ್ಟೋಬರ್ ಕೊನೆಯಿಂದ ಮಾರ್ಚ್ ನಡುವಿನವರೆಗೆ ಒಳ್ಳೆಯದು. ಅದರಲ್ಲೂ ಡಿಸೆಂಬರ್, ಜನವರಿ, ಫೆಬ್ರವರಿ ದೌಲತ್ ಕಿ ಚಾಟ್‌ನ ಕಾಲ. ಚಳಿಗೆ ಹೆದರಬೇಡಿ, ಒಂದು ಸ್ವೆಟರ್ ಮೇಲೊಂದು ಜಾಕೆಟ್ ಸಾಕು. ಮೇ, ಜೂನ್‌ನಲ್ಲಿ ದೆಹಲಿಯ ಬಿಸಿಲು 40 ಡಿಗ್ರಿ ದಾಟುತ್ತದೆ. ಆಗ ಹೋಗಲೇಬೇಕಿದ್ದರೆ ಬೆಳಗ್ಗೆ ಏಳೂವರೆಗೇ ಶುರುಮಾಡುವ ನಡಿಗೆ ಬೇಕು. ಜುಲೈ, ಆಗಸ್ಟ್ ಮಳೆಯಲ್ಲಿ ಗಲ್ಲಿಗಳ ಚರಂಡಿ ಉಕ್ಕುತ್ತದೆ. ಚಟ್ನಿ, ಮೊಸರಿನ ತಿಂಡಿಗಳ ಬಗ್ಗೆ ಎಚ್ಚರ ಹೆಚ್ಚು ಬೇಕಾಗುವ ಕಾಲ ಕೂಡ ಅದೇ.

ವಾರವನ್ನೂ ನೋಡಿಕೊಳ್ಳಿ. ಭಾನುವಾರ ಮಾರುಕಟ್ಟೆಗೆ ರಜೆ. ಖಾರಿ ಬಾವಲಿಯ ಮಸಾಲೆ ಮಂಡಿ ಮುಚ್ಚಿರುತ್ತದೆ, ಕಿನಾರಿ ಬಜಾರ್‌ನ ಜರಿ ಅಂಗಡಿಗಳೂ ಹೆಚ್ಚಿನವು ಬಾಗಿಲು ಹಾಕಿರುತ್ತವೆ. ತಿಂಡಿ ಅಂಗಡಿಗಳಲ್ಲಿ ಕೆಲವು ತೆರೆದಿರುತ್ತವೆ, ಜನವೂ ಕಡಿಮೆ. ಚಿಕ್ಕ ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಭಾನುವಾರ ಅನುಕೂಲವೇ. ಆದರೆ ಮಸಾಲೆ ಮಂಡಿ ನೋಡಬೇಕೆಂದಿದ್ದರೆ ಮಂಗಳವಾರದಿಂದ ಶನಿವಾರದೊಳಗೆ ಹೋಗಿ. ಸೋಮವಾರ ಕೆಂಪು ಕೋಟೆಗೆ ರಜೆ, ಹಾಗಾಗಿ ಎರಡನ್ನೂ ಸೇರಿಸುವವರಿಗೆ ಅದು ಆಗುವುದಿಲ್ಲ. ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತಿಗೆ ಜಾಮಾ ಮಸೀದಿಯ ಸುತ್ತ ಕಾಲಿಡಲು ಜಾಗವಿರುವುದಿಲ್ಲ. ರಂಜಾನ್ ತಿಂಗಳಲ್ಲಿ ಮಟಿಯಾ ಮಹಲ್ ಹಗಲು ಸಪ್ಪೆ, ಸೂರ್ಯ ಮುಳುಗಿದ ಮೇಲೆ ಬೆಳಗಿನ ಜಾವದವರೆಗೂ ಜಾತ್ರೆ. ಸ್ವಾತಂತ್ರ್ಯ ದಿನ, ಗಣರಾಜ್ಯೋತ್ಸವದ ಆಸುಪಾಸಿನ ದಿನಗಳಲ್ಲಿ ಕೋಟೆಯ ಸುತ್ತ ಪೊಲೀಸ್ ಬಂದೋಬಸ್ತ್ ಬಿಗಿ, ದಾರಿಗಳು ಬದಲಾಗುತ್ತವೆ. ಆ ದಿನಗಳನ್ನು ಬಿಟ್ಟುಬಿಡಿ.

ದುಡ್ಡು ಕೊಡುವ ಮೊದಲು ಕೇಳಬೇಕಾದ್ದು

ಬುಕಿಂಗ್ ಪುಟದಲ್ಲಿ ಇರುವ ಸ್ಟಾರ್‌ಗಳನ್ನು ಎಣಿಸುವುದಕ್ಕಿಂತ ನಡಿಗೆ ನಡೆಸುವವರಿಗೆ ಒಂದು ವಾಟ್ಸಾಪ್ ಸಂದೇಶ ಕಳಿಸುವುದು ಮೇಲು. ಕೇಳಬೇಕಾದ ಮೊದಲ ಮಾತು: ಒಂದು ಗುಂಪಿನಲ್ಲಿ ಎಷ್ಟು ಜನ? ಆರರಿಂದ ಎಂಟು ಅಂದರೆ ಒಪ್ಪಿಕೊಳ್ಳಿ. ಹತ್ತು ದಾಟಿದರೆ ಬೇಡ. ಕಾರಣ ಸರಳ. ಇಲ್ಲಿನ ಒಳ್ಳೆಯ ಅಂಗಡಿಗಳಲ್ಲಿ ಹಲವಕ್ಕೆ ಕೂರಲು ಜಾಗವಿಲ್ಲ. ಅಂಗಡಿ ಮುಂದೆ ನಿಂತು ತಿನ್ನಬೇಕು, ಹಿಂದಿನಿಂದ ತಳ್ಳುಗಾಡಿ ಬರುತ್ತಲೇ ಇರುತ್ತದೆ. ಹದಿನೈದು ಜನರಿಗೆ ಪ್ಲೇಟ್ ಹಂಚುವಷ್ಟರಲ್ಲಿ ಮೊದಲಿನವರ ಪೂರಿ ತಣ್ಣಗಾಗಿರುತ್ತದೆ, ಕೊನೆಯವರಿಗೆ ಗೈಡ್ ಹೇಳಿದ್ದು ಕೇಳಿಸಿರುವುದಿಲ್ಲ.

ಎರಡನೆಯದು, ಎಷ್ಟು ಕಡೆ ತಿನ್ನಿಸುತ್ತೀರಿ, ಬೆಲೆಯಲ್ಲಿ ಏನೇನು ಸೇರಿದೆ? ಮೂರೂವರೆ, ನಾಲ್ಕು ಗಂಟೆಯ ನಡಿಗೆಗೆ ಏಳೆಂಟು ಕಡೆ ನಿಲ್ಲುವುದು ಹದವಾದ ಲೆಕ್ಕ. ಹದಿನೈದು ತಿಂಡಿ ಅಂತ ಜಾಹೀರಾತಿದ್ದರೆ ಅದರಲ್ಲಿ ಅರ್ಧ ನಿಮ್ಮ ಕೈಯಲ್ಲೇ ಉಳಿಯುತ್ತದೆ. ಸೀಲ್ ಮಾಡಿದ ನೀರಿನ ಬಾಟಲಿ, ನಡುವಿನ ಸೈಕಲ್ ರಿಕ್ಷಾ ಬಾಡಿಗೆ, ತಿಂಡಿಯ ದುಡ್ಡು ಸೇರಿದೆಯೇ ಎಂದು ಒಂದೊಂದಾಗಿ ಬರೆದು ಕೇಳಿ. ಕೆಲವು ಅಗ್ಗದ ನಡಿಗೆಗಳಲ್ಲಿ ಕೊಡುವ ಶುಲ್ಕ ಗೈಡ್‌ಗೆ ಮಾತ್ರ, ತಿಂದದ್ದಕ್ಕೆಲ್ಲ ನೀವೇ ಕೊಡಬೇಕು. ಅದರಲ್ಲಿ ತಪ್ಪೇನಿಲ್ಲ, ಮೊದಲೇ ಗೊತ್ತಿದ್ದರೆ.

ಮೂರನೆಯದು ನಮ್ಮಲ್ಲಿ ಬಹಳ ಮನೆಗಳಿಗೆ ಮುಖ್ಯ: ಪೂರ್ತಿ ಸಸ್ಯಾಹಾರಿ ದಾರಿ ಇದೆಯೇ? "ವೆಜ್ ಆಪ್ಷನ್ ಇದೆ" ಅನ್ನುವುದು ಬೇರೆ, "ದಾರಿಯೇ ಸಸ್ಯಾಹಾರಿ" ಅನ್ನುವುದು ಬೇರೆ. ಮೊದಲನೆಯದರಲ್ಲಿ ಉಳಿದವರು ಕಬಾಬ್ ತಿನ್ನುವಾಗ ನೀವು ಪಕ್ಕದಲ್ಲಿ ನಿಂತು ರೊಟ್ಟಿ ಕಡಿಯಬೇಕಾಗುತ್ತದೆ. ಈರುಳ್ಳಿ, ಬೆಳ್ಳುಳ್ಳಿ ತಿನ್ನದವರು ಅದನ್ನೂ ಹೇಳಿ. ಹಳೆ ದೆಹಲಿಯಲ್ಲಿ ಬನಿಯಾ, ಜೈನ ಮನೆತನಗಳು ತಲೆಮಾರುಗಳಿಂದ ಇರುವುದರಿಂದ ಇದು ಅಲ್ಲಿ ವಿಚಿತ್ರ ಬೇಡಿಕೆಯಲ್ಲ. ಪರಾಠೇ ವಾಲಿ ಗಲ್ಲಿಯ ಹಳೇ ಅಂಗಡಿಗಳಲ್ಲಿ ಈರುಳ್ಳಿ, ಬೆಳ್ಳುಳ್ಳಿ ಹಾಕುವ ಪದ್ಧತಿಯೇ ಇಲ್ಲ. ಆದರೆ ಆಲೂಗಡ್ಡೆ ಎಲ್ಲ ಕಡೆ ಇದೆ, ಜೈನರು ಅದನ್ನು ಬೇರೆಯಾಗಿಯೇ ಹೇಳಬೇಕು.

ಕಡಲೆಕಾಯಿ, ಗೋಡಂಬಿ, ಪಿಸ್ತಾ, ಹಾಲು, ಗೋಧಿ ಇವುಗಳಲ್ಲಿ ಯಾವುದಾದರೂ ಅಲರ್ಜಿ ಇದ್ದರೆ ಬುಕಿಂಗ್ ಹೊತ್ತಿಗೇ ತಿಳಿಸಿ, ನಡಿಗೆಯ ದಿನ ಮತ್ತೆ ಬಾಯಿಬಿಟ್ಟು ಹೇಳಿ. ಗೋಧಿ ಆಗದವರು ಒಂದು ಸಂಗತಿ ನೆನಪಿಡಬೇಕು: ಅಂಗಡಿಯಲ್ಲಿ ಬಳಸುವ ಪುಡಿ ಇಂಗಿಗೆ ಸಾಮಾನ್ಯವಾಗಿ ಗೋಧಿಹಿಟ್ಟು ಅಥವಾ ಮೈದಾ ಬೆರೆಸಿರುತ್ತಾರೆ. ಹಾಗಾಗಿ ಪೂರಿ ಬಿಟ್ಟು ಪಲ್ಯ ಮಾತ್ರ ತಿಂದರೂ ತಪ್ಪಿಸಿಕೊಂಡಂತಾಗುವುದಿಲ್ಲ. ಅಂಥವರಿಗೆ ಈ ನಡಿಗೆಯಲ್ಲಿ ನಿಜವಾಗಿ ತಿನ್ನಲು ಉಳಿಯುವುದು ಬಹಳ ಕಡಿಮೆ.

ಕನ್ನಡ ಮಾತಾಡುವ ಗೈಡ್ ಸಿಗುವುದು ಅಪರೂಪ. ಹಿಂದಿ ಅಥವಾ ಇಂಗ್ಲಿಷ್ ಅಂತ ಇಟ್ಟುಕೊಳ್ಳಿ. ಮನೆಯ ಹಿರಿಯರಿಗೆ ಎರಡೂ ಬಾರದಿದ್ದರೆ ನಾಲ್ಕು ಜನರ ಸ್ವಂತ ಗುಂಪು ಮಾಡಿಕೊಂಡು ಹೋಗಿ. ನಿಂತು ಅನುವಾದ ಮಾಡಿ ಹೇಳಲು ಸಮಯ ಸಿಗುತ್ತದೆ, ನಿಧಾನವಾಗಿ ನಡೆದರೂ ಯಾರೂ ಗೊಣಗುವುದಿಲ್ಲ. ಪ್ರವಾಸಿಗರ ವಿಮರ್ಶೆ ಓದುವುದಾದರೆ ಕಳೆದ ಮೂರು ತಿಂಗಳಿನವನ್ನು ಮಾತ್ರ ಓದಿ. ಅದರಲ್ಲೂ "ತಡವಾಯಿತು", "ಅಂಗಡಿಗೆ ಕರೆದೊಯ್ದು ಕೂರಿಸಿದರು" ಅನ್ನುವ ಮಾತು ಎಷ್ಟು ಸಲ ಬಂದಿದೆ ನೋಡಿ. ಎರಡನೇ ಮಾತು ಬಂದಿದ್ದರೆ ಅಲ್ಲಿ ಕಮಿಷನ್ ವ್ಯವಹಾರವಿದೆ.

ಹಿಂದಿನ ರಾತ್ರಿ ಮತ್ತು ಆ ಬೆಳಗ್ಗೆ

ಹಿಂದಿನ ರಾತ್ರಿ ಹಗುರವಾಗಿ ಊಟ ಮಾಡಿ. ಬೆಳಗ್ಗೆ ಪೂರ್ತಿ ಖಾಲಿ ಹೊಟ್ಟೆಯಲ್ಲಿ ಹೋಗುವುದು ತಪ್ಪು. ಹಸಿದವರು ಮೊದಲ ಅಂಗಡಿಯಲ್ಲೇ ಎರಡು ಪೂರಿ, ಎರಡು ದೊನ್ನೆ ಪಲ್ಯ ಮುಗಿಸುತ್ತಾರೆ. ಕರಿದದ್ದು ಹೊಟ್ಟೆಯಲ್ಲಿ ಕೂತರೆ ಮುಂದಿನ ಮೂರು ಗಂಟೆ ಬರೀ ನೋಡುವುದೇ ಆಗುತ್ತದೆ. ಹೊರಡುವ ಒಂದು ಗಂಟೆ ಮೊದಲು ಒಂದು ಬಾಳೆಹಣ್ಣು, ಒಂದು ಲೋಟ ನೀರು ಸಾಕು. ಹೋಟೆಲಿನ ಬಫೆ ತಿಂಡಿಯನ್ನು ಅಂದು ಬಿಡಲೇಬೇಕು.

ಕಾಲಿಗೆ ಮುಚ್ಚಿದ ಬೂಟು. ಗಲ್ಲಿಗಳಲ್ಲಿ ನೀರು, ಎಲೆ ಅಡಿಕೆಯ ಉಗುಳು, ತಳ್ಳುಗಾಡಿಯ ಚಕ್ರ ಮೂರೂ ಕಾಲಿನ ಮೇಲೇ ಬರುತ್ತವೆ. ಗುರುದ್ವಾರದಲ್ಲಿ ಬಿಚ್ಚಬೇಕಾದ್ದರಿಂದ ಲೇಸ್ ಇಲ್ಲದ್ದಾದರೆ ಒಳ್ಳೆಯದು. ತಲೆ ಮುಚ್ಚಲು ಹೆಂಗಸರಿಗೆ ದುಪಟ್ಟಾ, ಗಂಡಸರಿಗೆ ದೊಡ್ಡ ಕರ್ಚೀಫು. ಚೀಲ ಎದೆಯ ಮೇಲೆ ಬರುವ ಹಾಗೆ ಅಡ್ಡ ಹಾಕಿಕೊಳ್ಳಿ, ಫೋನ್ ಹಿಂದಿನ ಜೇಬಿನಲ್ಲಿ ಬೇಡ. ಒಳಗೆ ಇರಬೇಕಾದ್ದು: ಕೈಗೆ ಹಚ್ಚುವ ಸ್ಯಾನಿಟೈಸರ್, ಒಂದು ಕಟ್ಟು ಟಿಶ್ಯೂ, ಎರಡು ಪೊಟ್ಟಣ ಓಆರ್‌ಎಸ್, ಒಂದು ಮಾಸ್ಕ್ (ಮಸಾಲೆ ಮಂಡಿಗೆ ಬೇಕೇ ಬೇಕು), ಹತ್ತು, ಇಪ್ಪತ್ತು, ಐವತ್ತರ ನೋಟುಗಳಲ್ಲಿ ಐನೂರು ರೂಪಾಯಿ ಚಿಲ್ಲರೆ. ಯುಪಿಐ ಹೆಚ್ಚಿನ ಕಡೆ ನಡೆಯುತ್ತದೆ, ಆದರೆ ಕಿರಿದಾದ ಗಲ್ಲಿಗಳ ಒಳಗೆ ನೆಟ್‌ವರ್ಕ್ ಕೈಕೊಡುತ್ತದೆ.

ಕಾರಿನಲ್ಲಿ ಹೋಗುವ ಯೋಚನೆ ಬಿಡಿ. ಚಾಂದನಿ ಚೌಕದ ಮುಖ್ಯ ರಸ್ತೆಯಲ್ಲಿ ಬೆಳಗ್ಗೆ 9ರಿಂದ ರಾತ್ರಿ 9ರವರೆಗೆ ಮೋಟಾರು ವಾಹನಗಳಿಗೆ ಪ್ರವೇಶವಿಲ್ಲ, ಸುತ್ತಲಿನ ರಸ್ತೆಗಳಲ್ಲಿ ಕಾರು ಆಮೆಯಂತೆ ತೆವಳುತ್ತದೆ. ಮೆಟ್ರೋ ಹಿಡಿಯಿರಿ. ಹಳದಿ ಮಾರ್ಗದಲ್ಲಿ ಚಾವಡಿ ಬಜಾರ್, ಚಾಂದನಿ ಚೌಕ್ ನಿಲ್ದಾಣಗಳು. ನೇರಳೆ ಮಾರ್ಗದಲ್ಲಿ ಜಾಮಾ ಮಸೀದಿ, ಲಾಲ್ ಕಿಲಾ ನಿಲ್ದಾಣಗಳು. ನಮ್ಮ ಮೆಟ್ರೋದ ಎನ್‌ಸಿಎಂಸಿ ಕಾರ್ಡ್ (ಹಲವು ಊರುಗಳ ಮೆಟ್ರೋದಲ್ಲಿ ನಡೆಯುವ ಕಾರ್ಡ್) ಇದ್ದವರು ಅದನ್ನೇ ಒಯ್ಯಬಹುದು, ಬ್ಯಾಲೆನ್ಸ್ ಇದ್ದರೆ ದೆಹಲಿ ಮೆಟ್ರೋದ ಗೇಟಿನಲ್ಲೂ ನಡೆಯುತ್ತದೆ. ಮಂಡಿನೋವು ಇರುವವರಿಗೆ ಒಂದು ಮಾತು: ಚಾವಡಿ ಬಜಾರ್ ನಿಲ್ದಾಣ ತುಂಬ ಆಳದಲ್ಲಿದೆ, ಎಸ್ಕಲೇಟರ್ ಅಥವಾ ಲಿಫ್ಟ್ ಹುಡುಕಿಕೊಂಡೇ ಮೇಲೆ ಬನ್ನಿ. ಮತ್ತೊಂದು, ನಿಲ್ದಾಣದಿಂದ ಹೊರಬರುವ ಮೊದಲೇ ಶೌಚಾಲಯಕ್ಕೆ ಹೋಗಿಬನ್ನಿ. ಗಲ್ಲಿಗಳ ಒಳಗೆ ಹೆಂಗಸರು ಬಳಸುವಂಥ ಶೌಚಾಲಯ ಸಿಗುವುದು ಕಷ್ಟ. ನಡಿಗೆಯ ಮಧ್ಯೆ ಬೇಕಾದರೆ ಚಾಂದನಿ ಚೌಕ್ ಮೆಟ್ರೋ ನಿಲ್ದಾಣವೇ ಗತಿ.

ಬೆಳಗಿನ ದಾರಿ, ಹೆಜ್ಜೆ ಹೆಜ್ಜೆಯಾಗಿ

ಒಳ್ಳೆಯ ಗೈಡ್‌ಗಳು ಹಿಡಿಯುವ ದಾರಿಯಲ್ಲಿ ಸಣ್ಣಪುಟ್ಟ ವ್ಯತ್ಯಾಸವಿದ್ದರೂ ಎಲುಬಿನ ಹಂದರ ಇದೇ. ನಿಮ್ಮ ಗೈಡ್ ಇದರ ತದ್ವಿರುದ್ಧ ದಿಕ್ಕಿನಲ್ಲಿ ಕರೆದೊಯ್ದರೆ ಯಾಕೆಂದು ಕೇಳಿ. ಚಾವಡಿ ಬಜಾರ್‌ನಿಂದ ಶುರುಮಾಡಿದರೆ ಬೇಗ ಮುಗಿಯುವ ತಿಂಡಿ ಮೊದಲು ಸಿಗುತ್ತದೆ, ತಡವಾಗಿ ತೆರೆಯುವ ಅಂಗಡಿ ಕೊನೆಗೆ ಸಿಗುತ್ತದೆ.

ನಿಲ್ದಾಣದಿಂದ ಚಾವಡಿ ಬಜಾರ್ ರಸ್ತೆಯಲ್ಲಿ ಸ್ವಲ್ಪ ದೂರ ನಡೆದರೆ ನಯಿ ಸಡಕ್ ಕೂಡುವ ಬಡಶಾಹಬುಲ್ಲಾ ಚೌಕ. ಬೇಡ್ಮಿ ಪೂರಿಗೆ ಹೆಸರಾದ ಶ್ಯಾಮ್ ಸ್ವೀಟ್ಸ್ ಇರುವುದು ಇಲ್ಲೇ. ಗೋಧಿಹಿಟ್ಟಿಗೆ ಉದ್ದಿನಬೇಳೆ ರುಬ್ಬಿದ್ದು, ಸೋಂಪು, ಇಂಗು, ಮೆಣಸಿನಪುಡಿ ಸೇರಿಸಿ ಮಾಡುವ ಪೂರಿ ಇದು. ನಮ್ಮ ಪೂರಿಗಿಂತ ದಪ್ಪ, ಒರಟು, ಕಡುಕಂದು. ಜೊತೆಗೆ ಕೊಡುವ ಆಲೂಗಡ್ಡೆ ಪಲ್ಯ ತೆಳ್ಳಗೆ ಸಾರಿನ ಹಾಗಿರುತ್ತದೆ, ಆಲೂಗಡ್ಡೆಯನ್ನು ಹೆಚ್ಚುವುದಿಲ್ಲ, ಕೈಯಲ್ಲಿ ಒಡೆದು ಹಾಕಿರುತ್ತಾರೆ. ಒಂದು ಪ್ಲೇಟಿಗೆ ಎರಡು ಪೂರಿ. ಇಬ್ಬರು ಸೇರಿ ಒಂದು ಪ್ಲೇಟ್, ಅಷ್ಟೇ.

ಅದರ ಪಕ್ಕದಲ್ಲೇ ನಾಗೋರಿ ಹಲ್ವಾ ಇರುತ್ತದೆ, ಇದನ್ನು ತಿನ್ನುವ ಕ್ರಮ ತೋರಿಸದೆ ಮುಂದಕ್ಕೆ ಕರೆದೊಯ್ಯುವ ಗೈಡ್ ಕೆಲಸ ತಿಳಿದವನಲ್ಲ. ನಾಗೋರಿ ಅಂದರೆ ರವೆ ಬೆರೆಸಿ ಮಾಡಿದ, ಅಂಗೈಗಿಂತ ಚಿಕ್ಕದಾದ, ಗರಿಗರಿಯಾಗಿ ಉಬ್ಬಿದ ಪೂರಿ. ಹೆಬ್ಬೆರಳಿನಿಂದ ಅದರ ನೆತ್ತಿ ಒಡೆದು, ಒಳಗೆ ಒಂದು ಚಮಚ ಬಿಸಿ ಸಜ್ಜಿಗೆಯಂಥ ಹಲ್ವಾ ತುಂಬಿ, ಮೇಲೆ ಅರ್ಧ ಚಮಚ ಖಾರದ ಆಲೂಗಡ್ಡೆ ಪಲ್ಯ ಬಿಟ್ಟು, ಒಂದೇ ಬಾಯಿಗೆ ಹಾಕಿಕೊಳ್ಳಬೇಕು. ಕೇಸರಿಬಾತ್, ಖಾರಾಬಾತ್ ಒಂದೇ ತಟ್ಟೆಯಲ್ಲಿ ಚೌಚೌ ಬಾತ್ ತಿಂದು ಬೆಳೆದ ನಾಲಿಗೆಗೆ ಈ ಸಿಹಿಖಾರದ ಜೋಡಿ ಹೊಸದೇನಲ್ಲ. ತಲೆಗೆ ಒಂದು ನಾಗೋರಿ.

ಅಲ್ಲಿಂದ ನಯಿ ಸಡಕ್ ಹಿಡಿದು ಮಾಲಿವಾಡದ ಗಲ್ಲಿಗೆ ತಿರುಗುತ್ತಾರೆ. ಇಲ್ಲಿ ಉದ್ದಿನಬೇಳೆ ಹೂರಣದ ಕಚೋರಿಯನ್ನು ಒಡೆದು ಮೇಲೆ ಖಾರದ ಪಲ್ಯ ಸುರಿದು ಕೊಡುವ ಅಂಗಡಿ ಇದೆ. ಮೊದಲೇ ಉದ್ದು, ಮತ್ತೆ ಉದ್ದು. ನಾಲ್ಕು ಜನರಿಗೆ ಒಂದು ದೊನ್ನೆ ತರಿಸಿ ರುಚಿ ನೋಡಿ, ಸಾಕು.

ಚಳಿಗಾಲವಾದರೆ ಮುಂದಿನ ಕಿನಾರಿ ಬಜಾರ್‌ನಲ್ಲಿ ಕಣ್ಣು ತೆರೆದುಕೊಂಡು ನಡೆಯಿರಿ. ಬೆತ್ತದ ಕಾಲುಮಣೆಯ ಮೇಲೆ ದೊಡ್ಡ ಹರಿವಾಣ, ಅದರ ಮೇಲೆ ತೆಳು ಬಟ್ಟೆ, ಬಟ್ಟೆಯಡಿ ಬೆಣ್ಣೆಬಣ್ಣದ ಗುಡ್ಡ: ಇದೇ ದೌಲತ್ ಕಿ ಚಾಟ್. ಹೆಸರಲ್ಲಿ ಚಾಟ್ ಇದ್ದರೂ ಖಾರವಿಲ್ಲ, ಹುಳಿಯಿಲ್ಲ. ಕೆನೆಹಾಲನ್ನು ರಾತ್ರಿ ತೆರೆದ ಜಾಗದಲ್ಲಿ ಚಳಿಗೆ ಇಟ್ಟು, ನಸುಕಿನಲ್ಲಿ ಕಡೆಗೋಲಿನಿಂದ ಗಂಟೆಗಟ್ಟಲೆ ಕಡೆಯುತ್ತಾರೆ. ಮೇಲೆ ಬಂದ ನೊರೆಯನ್ನು ಮಾತ್ರ ಪದರ ಪದರವಾಗಿ ಎತ್ತಿ ಹರಿವಾಣಕ್ಕೆ ಇಡುತ್ತಾರೆ. ಕೊಡುವಾಗ ದೊನ್ನೆಗೆ ಹಾಕಿ ಮೇಲೆ ಖೋವಾ, ಬೂರಾ ಸಕ್ಕರೆ, ಪಿಸ್ತಾ ಚೂರು ಉದುರಿಸುತ್ತಾರೆ. ಬಾಯಿಗಿಟ್ಟರೆ ಅಗಿಯಲು ಏನೂ ಸಿಗುವುದಿಲ್ಲ, ತಣ್ಣಗೆ ಕರಗಿ ಕೇಸರಿಯ ವಾಸನೆ ಮಾತ್ರ ಉಳಿಯುತ್ತದೆ. ಹಾಲು ತಣ್ಣಗಿದ್ದಾಗ ಅದರ ಕೊಬ್ಬು ಗಟ್ಟಿಯಾಗಿ ನೊರೆಯನ್ನು ಹಿಡಿದು ನಿಲ್ಲಿಸುತ್ತದೆ. ಬಿಸಿಲು ತಾಕಿತೋ, ಗುಡ್ಡ ಕುಸಿದು ಹಾಲಾಗುತ್ತದೆ. ಅದಕ್ಕೇ ಇದು ಬೇಸಿಗೆಯಲ್ಲಿ ಇಲ್ಲ, ಪಾರ್ಸೆಲ್ ಕೂಡ ಇಲ್ಲ. ಮಾರುವವರ ಜಾಗ ದಿನದಿನಕ್ಕೆ ಬದಲಾಗುವುದರಿಂದ ಗೈಡ್ ಇಲ್ಲದೆ ಹುಡುಕುವುದು ಕಷ್ಟ. ಇದನ್ನು ಮಾತ್ರ ಹಂಚಿಕೊಳ್ಳಬೇಡಿ, ತಲೆಗೊಂದು ದೊನ್ನೆ ತಗೊಳ್ಳಿ. ಹಾಲು ಹಸಿಯೋ ಕಾಸಿದ್ದೋ ಅಂತ ಕೇಳಿಕೊಳ್ಳಿ. ಗರ್ಭಿಣಿಯರು, ಚಿಕ್ಕ ಮಕ್ಕಳು ಹಸಿ ಹಾಲಿನದ್ದಾದರೆ ಬಿಡುವುದು ಒಳಿತು.

ಹತ್ತೂವರೆ ಹೊತ್ತಿಗೆ ಪರಾಠೇ ವಾಲಿ ಗಲ್ಲಿ. 1870ರ ದಶಕದಿಂದ ಇಲ್ಲಿ ಪರಾಠಾ ಅಂಗಡಿಗಳಿವೆ. ಮನೆಯಲ್ಲಿ ಕಾವಲಿ ಮೇಲೆ ಸುಡುವ ಪರಾಠಾ ನಿರೀಕ್ಷಿಸಿ ಬಂದವರಿಗೆ ನಿರಾಸೆಯಾಗುವುದು ಇಲ್ಲೇ. ಇಲ್ಲಿ ಅದನ್ನು ತಳ ಅಗಲವಾದ ಬಾಣಲೆಯಲ್ಲಿ ತುಪ್ಪಕ್ಕೆ ಬಿಟ್ಟು ಕರಿಯುತ್ತಾರೆ, ತೋರುವುದು ಪೂರಿಯ ಹಾಗೆ. ಜೊತೆಗೆ ಸಿಹಿಗುಂಬಳದ ಪಲ್ಯ, ಆಲೂ ಪಲ್ಯ, ಬಾಳೆಹಣ್ಣು ಹಾಕಿದ ಹುಣಸೆ ಚಟ್ನಿ. ಕೂರಲು ಬೆಂಚು ಇರುವುದರಿಂದ ನಡಿಗೆಯ ನಡುವಿನ ವಿಶ್ರಾಂತಿಗೆ ಇದೇ ಜಾಗ. ನಾಲ್ಕು ಜನರಿಗೆ ಎರಡು ಪರಾಠಾ, ಒಂದು ಮೂಲಂಗಿಯದ್ದು, ಒಂದು ರಬ್ಡಿಯದ್ದು ಅಥವಾ ಬಟಾಣಿಯದ್ದು. ಇಲ್ಲಿ ಪೂರ್ತಿ ಊಟ ಹಾಕಿಸಿಕೊಂಡವರ ನಡಿಗೆ ಇಲ್ಲಿಗೇ ಮುಗಿಯುತ್ತದೆ, ಮುಂದೆ ಹೆಜ್ಜೆ ಏಳುವುದಿಲ್ಲ.

ಬೆಳ್ಳಿ ಅಂಗಡಿಗಳ ದರೀಬಾ ಕಲಾನ್ ರಸ್ತೆ ಚಾಂದನಿ ಚೌಕವನ್ನು ಸೇರುವ ಮೂಲೆಯಲ್ಲಿ 1884ರ ಜಿಲೇಬಿ ಅಂಗಡಿ. ಇದರ ಎಳೆ ನಮ್ಮ ಜಿಲೇಬಿಗಿಂತ ಎರಡು ಪಟ್ಟು ದಪ್ಪ. ಬಟ್ಟೆಯ ತೂತಿನಿಂದ ಹಿಟ್ಟನ್ನು ತುಪ್ಪಕ್ಕೆ ಸುತ್ತಿ ಬಿಡುವಾಗ ಕೈ ತಿರುಗುವ ಬಗೆಯನ್ನು ಒಂದು ನಿಮಿಷ ನಿಂತು ನೋಡಿ. ದಪ್ಪ ಎಳೆಯಾದ್ದರಿಂದ ಉರಿ ಸಣ್ಣದಿರುತ್ತದೆ, ಇಲ್ಲವಾದರೆ ಹೊರಗೆ ಕೆಂಪಾಗಿ ಒಳಗೆ ಹಸಿ ಉಳಿಯುತ್ತದೆ. ಒಂದು ಜಿಲೇಬಿ ಇಬ್ಬರಿಗೆ. ಸಕ್ಕರೆ ಕಾಯಿಲೆ ಇರುವವರು ಒಂದು ತುಂಡಿಗೆ ನಿಲ್ಲಿಸಿ, ನಾಗೋರಿ ಹಲ್ವಾ ತಿಂದಿದ್ದು ನೆನಪಿರಲಿ.

ಈಗ ಮುಖ್ಯ ರಸ್ತೆಯಲ್ಲಿ ಫತೇಪುರಿ ಕಡೆ ಮುಖ ಮಾಡಿ ನಡೆದರೆ ಎಡಗಡೆ ಸೀಸ್ ಗಂಜ್ ಗುರುದ್ವಾರ. 1675ರಲ್ಲಿ ಗುರು ತೇಗ್ ಬಹಾದ್ದೂರರು ಬಲಿದಾನ ಮಾಡಿದ ಸ್ಥಳ ಇದು, ತಿಂಡಿ ನಡಿಗೆಯ ಒಂದು ನಿಲುಗಡೆಯೆಂದು ನೋಡಬಾರದು. ತಲೆ ಮುಚ್ಚಿ, ಕಾಲು ತೊಳೆದು ಒಳಹೋಗಿ. ಬೀಡಿ, ಸಿಗರೇಟು, ಗುಟ್ಕಾ ಜೇಬಿನಲ್ಲಿದ್ದರೂ ಒಳಗೆ ಒಯ್ಯುವಂತಿಲ್ಲ. ಲಂಗರಿನಲ್ಲಿ, ಅಂದರೆ ಗುರುದ್ವಾರದ ಉಚಿತ ಊಟದ ಪಂಕ್ತಿಯಲ್ಲಿ, ಕೂತರೆ ರೋಟಿಯನ್ನು ಎರಡೂ ಕೈ ಚಾಚಿ ತಗೊಳ್ಳಬೇಕು, ತಟ್ಟೆಯಲ್ಲಿ ಬಿಡಬಾರದು. ಹೊಟ್ಟೆ ತುಂಬಿದ್ದರೆ ಊಟಕ್ಕೆ ಕೂರುವ ಬದಲು ಅಡುಗೆಮನೆಯಲ್ಲಿ ರೋಟಿ ಲಟ್ಟಿಸುವ ಸೇವೆಗೆ ಹತ್ತು ನಿಮಿಷ ಕೂರಿ, ಬೇಡ ಅನ್ನುವುದಿಲ್ಲ.

ಹನ್ನೊಂದೂವರೆಗೆ ಮೆಟ್ರೋ ದಾರಿಯ ಹತ್ತಿರದ ನಟರಾಜ್‌ನಲ್ಲಿ ದಹಿ ಭಲ್ಲಾ. ಹೆಸರು ಕೇಳಿ ನಮ್ಮ ಮೊಸರುವಡೆ ಅಂದುಕೊಳ್ಳಬೇಡಿ: ಒಗ್ಗರಣೆಯಿಲ್ಲ, ಸಿಹಿ ಮೊಸರು, ಹುಣಸೆ ಚಟ್ನಿ, ಹುರಿದ ಜೀರಿಗೆಪುಡಿ. ಕರಿದದ್ದೆಲ್ಲ ತಿಂದ ಮೇಲೆ ಬರುವುದರಿಂದ ಹೊಟ್ಟೆಗೆ ಹಿತ. ಇಬ್ಬರಿಗೊಂದು ಪ್ಲೇಟ್.

ಕೊನೆಯದು ರಸ್ತೆಯ ತುದಿಯ ಫತೇಪುರಿ ಮಸೀದಿ ದಾಟಿ ಖಾರಿ ಬಾವಲಿ. ಇಲ್ಲಿಂದ ಅಲ್ಲಿಗೆ ಸೈಕಲ್ ರಿಕ್ಷಾ ಹತ್ತುವುದು ಒಳ್ಳೆಯದು, ಕಾಲಿಗೂ ಬಿಡುವು. ಮಂಡಿಯ ಒಳಗೆ ಕಾಲಿಡುವ ಮೊದಲೇ ಮಾಸ್ಕ್ ಹಾಕಿ. ಮೆಣಸಿನಕಾಯಿ ಮೂಟೆಗಳ ನಡುವೆ ನಿಂತರೆ ಬ್ಯಾಡಗಿಯ ಮಾರುಕಟ್ಟೆ ಕಂಡವರೂ ಸೀನುತ್ತಾರೆ. ಆಸ್ತಮಾ ಇರುವವರು ಒಳಗೆ ಹೋಗಲೇಬಾರದು, ಹೊರಗೆ ರಬ್ಡಿ ಫಾಲೂದಾ ಅಂಗಡಿಯ ಬಳಿ ಕಾಯಲಿ. ಹಮಾಲರು ತಲೆಯ ಮೇಲೆ ಕ್ವಿಂಟಲ್ ಹೊತ್ತು ಓಡುತ್ತಿರುತ್ತಾರೆ, ಅವರ ಕೂಗು ಕೇಳಿದ ತಕ್ಷಣ ಗೋಡೆಗೆ ಒರಗಿ ದಾರಿ ಬಿಡಿ. ಫೋಟೋಗೆಂದು ನಡುದಾರಿಯಲ್ಲಿ ನಿಂತರೆ ಅವರ ಕೂಲಿಗೆ ಅಡ್ಡಿ.

ಸಂಜೆ, ಮಸೀದಿಯ ಕಡೆ

ಸಂಜೆ ನಡಿಗೆ ಚಿಕ್ಕದು, ಒಂದೇ ಬಜಾರಿನಲ್ಲಿ ಮುಗಿಯುತ್ತದೆ. ಜಾಮಾ ಮಸೀದಿ ನಿಲ್ದಾಣದಿಂದ ಮಟಿಯಾ ಮಹಲ್‌ಗೆ ಬಂದು ಮೊದಲು ಕಬಾಬ್, ಆಮೇಲೆ ನಿಹಾರಿ (ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೇಯಿಸಿದ ಮಾಂಸದ ಸಾರು) ಅಥವಾ ಖೋರ್ಮಾ ಜೊತೆ ಖಮೀರಿ ರೋಟಿ (ಹಿಟ್ಟು ಹುದುಗಿಸಿ ಮಾಡಿದ ರೊಟ್ಟಿ), ಕೊನೆಗೆ ಶಾಹಿ ಟುಕಡಾ (ಕರಿದ ಬ್ರೆಡ್ಡಿನ ಸಿಹಿ). ಗಲಿ ಕಬಾಬಿಯಾನ್‌ನ ಕರೀಮ್ಸ್ 1913ರಿಂದ ಇದೆ.

ಇಲ್ಲಿ ಕಲಿಯಲೇಬೇಕಾದ ಎರಡು ಮಾತಿವೆ: "ಬಡೇ ಕಾ", "ಛೋಟೇ ಕಾ". ಬಡೇ ಅಂದರೆ ಎಮ್ಮೆ, ಕೋಣದ ಮಾಂಸ, ಛೋಟೇ ಅಂದರೆ ಆಡು, ಕುರಿ. ಹೆಸರಾದ ನಿಹಾರಿ ಅಂಗಡಿಗಳಲ್ಲಿ ಸಾಮಾನ್ಯವಾಗಿ ಇರುವುದು ಬಡೇ ಕಾ. ಅದು ತಿನ್ನದವರು ಪ್ರತಿ ಅಂಗಡಿಯಲ್ಲೂ ಆರ್ಡರ್‌ಗೆ ಮೊದಲೇ ಕೇಳಬೇಕು. ಗೈಡ್‌ಗೂ ಮೊದಲೇ ಹೇಳಿರಬೇಕು. ತಟ್ಟೆ ಬಂದ ಮೇಲೆ ಮುಖ ಸಿಂಡರಿಸುವುದು ಬಡಿಸಿದವರಿಗೆ ಅವಮಾನ.

ಎಲ್ಲಿ ಎಡವುತ್ತಾರೆ

ಕೆಂಪು ಕೋಟೆಯ ಎದುರು, ಮೆಟ್ರೋ ಬಾಗಿಲಲ್ಲಿ "ಒಂದು ಗಂಟೆ, ಐವತ್ತು ರೂಪಾಯಿ, ಪೂರಾ ಚಾಂದನಿ ಚೌಕ್" ಅನ್ನುವ ರಿಕ್ಷಾದವರು ಸುತ್ತುವರಿಯುತ್ತಾರೆ. ಆ ಸವಾರಿ ನಿಲ್ಲುವುದು ಒಂದು ಪ್ಯಾಕೆಟ್ ಮಸಾಲೆ ಅಂಗಡಿಯೊಳಗೆ. ರಿಕ್ಷಾ ಬೇಕಿದ್ದರೆ ಬಾಡಿಗೆ "ಪೂರ್ತಿ ರಿಕ್ಷಾಕ್ಕೆ" ಅಂತ ಬಾಯಲ್ಲಿ ಹೇಳಿಸಿಕೊಂಡು ಹತ್ತಿ. ಇಳಿಯುವಾಗ "ತಲೆಗೆ" ಅಂತ ಹೇಳಿ ಜಗಳ ಆಗುವುದು ಸಾಮಾನ್ಯ.

ಹೊಟ್ಟೆ ಕೆಡುವುದು ಬಾಣಲೆಯಿಂದ ನೇರ ಬಂದ ಪೂರಿ, ಜಿಲೇಬಿಯಿಂದ ಕಡಿಮೆ. ಅಷ್ಟು ಬಿಸಿ ಎಣ್ಣೆಯಲ್ಲಿ ರೋಗಾಣು ಉಳಿಯುವುದಿಲ್ಲ. ಕೆಡಿಸುವುದು ಗೋಲ್‌ಗಪ್ಪಾದ ನೀರು, ತೆರೆದಿಟ್ಟ ಹಸಿರು ಚಟ್ನಿ, ಹೆಚ್ಚಿಟ್ಟ ಹಣ್ಣು, ಐಸ್ ಹಾಕಿದ ಶರಬತ್ತು, ತೊಳೆದು ಒದ್ದೆಯಿರುವ ಸ್ಟೀಲ್ ತಟ್ಟೆ. ದೊನ್ನೆ ಅಥವಾ ಮಣ್ಣಿನ ಕುಲ್ಹಡ್‌ನಲ್ಲಿ ಕೊಡಿ ಎಂದು ಕೇಳಿ. ಮರುದಿನ ರೈಲು, ವಿಮಾನ ಇರುವವರು ಗೋಲ್‌ಗಪ್ಪಾ ಬಿಡುವುದೇ ವಾಸಿ. ಇನ್ನೊಂದು ಕಾರಣ ಪ್ರಮಾಣ. ನಾಲ್ಕು ಗಂಟೆಯಲ್ಲಿ ಅಷ್ಟು ತುಪ್ಪ ಒಳಹೋದರೆ ಶುದ್ಧವಾದದ್ದೂ ಹೊಟ್ಟೆಗೆ ಭಾರವೇ. ಅಂದು ಮಧ್ಯಾಹ್ನ ಊಟ ಬಿಟ್ಟು ರಾತ್ರಿ ಮೊಸರನ್ನ ಅಥವಾ ಬೇಳೆಕಟ್ಟಿನ ಸಾರನ್ನ ಸಾಕು. ಭೇದಿ ಶುರುವಾದರೆ ಒಂದು ಪೊಟ್ಟಣ ಓಆರ್‌ಎಸ್ ಅನ್ನು ಅದರ ಮೇಲೆ ಬರೆದಷ್ಟೇ ನೀರಿಗೆ ಕಲಸಿ ಗುಟುಕು ಗುಟುಕಾಗಿ ಕುಡಿಯಿರಿ. ಜ್ವರ ಬಂದರೆ, ರಕ್ತ ಕಂಡರೆ, ನೀರು ಕುಡಿದರೂ ವಾಂತಿಯಾದರೆ ವೈದ್ಯರ ಬಳಿ ಹೋಗಿ.

ಗೈಡ್ ಒಳ್ಳೆಯವರಾಗಿದ್ದೂ ನಡಿಗೆ ಕೆಡುವುದುಂಟು. ಸಾಮಾನ್ಯ ಕಾರಣ ಗುಂಪಿನಲ್ಲಿ ಒಬ್ಬರು ಅರ್ಧ ಗಂಟೆ ತಡ ಮಾಡುವುದು. ಒಂಬತ್ತಕ್ಕೆ ಹೊರಟರೆ ಹನ್ನೊಂದರೊಳಗೆ ಸಿಗಬೇಕಾದ್ದರಲ್ಲಿ ಎರಡು ತಪ್ಪಿಹೋಗುತ್ತವೆ. ಹೇಳಿದ ಹೊತ್ತಿಗೆ ಹತ್ತು ನಿಮಿಷ ಮೊದಲೇ ನಿಲ್ದಾಣದ ಬಾಗಿಲಲ್ಲಿರಿ. ತಿನ್ನಲಾಗದಿದ್ದಾಗ "ಬಸ್, ಇತನಾ ಹೀ" (ಸಾಕು, ಇಷ್ಟೇ) ಎಂದು ತಟ್ಟೆಗೆ ಬೀಳುವ ಮೊದಲೇ ಹೇಳಿ, ಗೈಡ್ ಬೇಜಾರು ಮಾಡಿಕೊಳ್ಳುವುದಿಲ್ಲ.

ಮನೆಗೆ ಒಯ್ಯುವುದು

ಖಾರಿ ಬಾವಲಿಯಲ್ಲಿ ಪುಡಿ ಮಾಡಿ ಪ್ಯಾಕ್ ಮಾಡಿದ "ಚಾಯ್ ಮಸಾಲಾ", "ಬಿರಿಯಾನಿ ಮಸಾಲಾ" ಡಬ್ಬಿಗಳನ್ನು ಬಿಟ್ಟು ಇಡಿಯಾಗಿರುವುದನ್ನು ಕೊಳ್ಳಿ: ಕಪ್ಪು ಏಲಕ್ಕಿ, ಅನಾರ್‌ದಾನಾ (ಒಣ ದಾಳಿಂಬೆ ಬೀಜ), ಕಾಚ್ರಿ (ಒಣಗಿಸಿದ ಸೌತೆ ಜಾತಿಯ ಹುಳಿ ಕಾಯಿ), ಒಣ ಅಂಜೂರ. ಹಸಿರು ಏಲಕ್ಕಿ, ಕಾಳುಮೆಣಸು ಇಲ್ಲಿ ಕೊಳ್ಳಬೇಡಿ, ಅವು ನಮ್ಮ ಸಕಲೇಶಪುರ, ಮಡಿಕೇರಿ ಕಡೆ ಇದಕ್ಕಿಂತ ತಾಜಾ ಸಿಗುತ್ತವೆ. ಇಲ್ಲಿ ದರ ಹೇಳುವುದು ಕಾಲು ಕಿಲೋ ಲೆಕ್ಕದಲ್ಲಿ, ಕೊಳ್ಳುವವರು ಕಿಲೋಗೆ ಅಂದುಕೊಂಡು ಮೋಸಹೋಗುತ್ತಾರೆ. ಅಳೆಯುವ ಮೊದಲೇ "ನೂರು ಗ್ರಾಂಗೆ ಎಷ್ಟು" ಅಂತ ಕೇಳಿ. ಬಿಡಿಯಾಗಿ ಮಾರುವ ಕೇಸರಿ ಬೇಡವೇ ಬೇಡ.

ಸಿಹಿಯಲ್ಲಿ ಪ್ರಯಾಣ ತಡೆಯುವುದು ಕರಾಚಿ ಹಲ್ವಾ, ಫತೇಪುರಿ ಹತ್ತಿರದ ಸಿಂಧಿ ಅಂಗಡಿಯಲ್ಲಿ ಚೆನ್ನಾಗಿರುತ್ತದೆ. ರಬರಿನಂತೆ ಜಗಿಯುವ, ಪಾರದರ್ಶಕವಾದ ಇದರಲ್ಲಿ ಖೋವಾ ಇಲ್ಲದ್ದರಿಂದ ಹಲವು ದಿನ ಕೆಡುವುದಿಲ್ಲ. ಜಿಲೇಬಿ ಎರಡು ಗಂಟೆಯಲ್ಲಿ ಮೆತ್ತಗಾಗುತ್ತದೆ, ಖೋವಾದ ಸಿಹಿ ಬೆಂಗಳೂರು ತಲುಪುವಷ್ಟರಲ್ಲಿ ಹುಳಿಯಾಗಬಹುದು. ವಿಮಾನಕ್ಕೆ ಹೋಗುವವರು ಮೆಣಸಿನಪುಡಿ, ಉಪ್ಪಿನಕಾಯಿ, ತುಪ್ಪವನ್ನೆಲ್ಲ ಚೆಕ್-ಇನ್ ಲಗೇಜಿಗೆ ಹಾಕಿ. ಕೈಚೀಲದಲ್ಲಿದ್ದರೆ ಭದ್ರತಾ ತಪಾಸಣೆಯಲ್ಲಿ ಅಲ್ಲೇ ಬಿಟ್ಟುಬರಬೇಕಾಗುತ್ತದೆ.